ಉಸಿರು ಬಿಗಿಹಿಡಿಯದವನು

ಮಡಕಶಿರದಲ್ಲಿ, ಓಲಗ ಊದುತ್ತಿದ್ದ ಅವನಿಗೊಂದು ಶ್ರದ್ಧಾಂಜಲಿ ಸಭೆ ಮಾಡಿದರು. ಮೊದಲು ಮಾತಾಡಿದವನು ‘ವಿನಯದ ಮೂರ್ತಿ’ ಅಂದ. ನಾನು ನನ್ನ ತಟ್ಟೆಯ ಬಿಸ್ಕತ್ತು ತಿಂದೆ. ಎರಡನೆಯವನು ‘ಯಾರಿಗೂ ಎದುರು ಮಾತಾಡಿದವನಲ್ಲ’ ಅಂದ. ಆಗ ಪಕ್ಕದವನ ತಟ್ಟೆಯ ಬಿಸ್ಕತ್ತು ನನ್ನ ಬಾಯಲ್ಲಿತ್ತು. ಮೂರನೆಯವನು ಗಂಟಲು ಗದ್ಗದ ಮಾಡಿಕೊಂಡು ‘ಊದಿ ಊದಿಯೇ ಪ್ರಾಣ ಬಿಟ್ಟ ಕಲಾವಿದ’ ಅಂದಾಗ ಮಾತ್ರ ಎದ್ದು ನಿಂತೆ.

ಮೈಕು ಕೇಳಿದೆ. ಕೊಡಲಿಲ್ಲ. ಹಿಂದೊಂದು ಸಭೆಯಲ್ಲಿ ಕೊಟ್ಟು ಅನುಭವಿಸಿದವರು ಅವರು. ಅದಕ್ಕೇ ಬರೆಯುತ್ತಿದ್ದೇನೆ. ಅವನು ಸತ್ತದ್ದು ಡೆಂಗಿ ಜ್ವರಕ್ಕೆ. ಕೊಂದದ್ದು ಸೊಳ್ಳೆ, ಓಲಗ ಅಲ್ಲ. ಅವನ ಎದೆಯೊಳಗಿದ್ದ ಬಾಗಿಲು ಯಾವತ್ತೋ ಮುಚ್ಚಿತ್ತು. ಮುಚ್ಚಿದ್ದನ್ನು ಪರದೆಯ ಮೇಲೆ ನನ್ನ ಕಣ್ಣಾರೆ ನೋಡಿದ್ದೇನೆ. ಆ ಬಾಗಿಲು ಇದೆ ಅಂತ ಕಂಡುಹಿಡಿದದ್ದೇ ನಾನು. ಬೆಂಗಳೂರಿನ ಡಾಕ್ಟರಮ್ಮ ಅರ್ಧ ಪಾಲು ಕೇಳಿದರೆ ಕೊಡುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ.

ನಾನು ಯಾರು ಅಂತ ಹೇಳಿಬಿಡಬೇಕು. ರಾಯದುರ್ಗದವನು, ಬಸ್ ಕಂಡಕ್ಟರಾಗಿ ರಿಟೈರಾದವನು. ಕಿಟಕಿಯಿಂದ ಸೀಟಿನ ಮೇಲೆ ಟವೆಲ್ಲು ಎಸೆದು ಜಾಗ ಹಿಡಿಯುತ್ತಾರಲ್ಲ, ಆ ಟವೆಲ್ಲುಗಳನ್ನೆಲ್ಲ ಅದಲುಬದಲು ಮಾಡಿಟ್ಟು, ಇಡೀ ಬಸ್ಸು ಜಗಳವಾಡುವುದನ್ನು ಕಲ್ಯಾಣದುರ್ಗದವರೆಗೂ ಗಂಭೀರವಾಗಿ ಆಲಿಸಿಕೊಂಡು ಹೋದವನು. ನನ್ನ ಹೆಂಡತಿ ಮಡಕಶಿರದ ಹತ್ತಿರದ ಹಳ್ಳಿಯವಳು. ಹಾಗಾಗಿ ಆ ಊರಿಗೆ ನಾನು ಅಳಿಯ, ಆ ಊರಿನ ಓಲಗದವರ ಮನೆಯ ಕಿರಿಮಗ ಇವನು.

ಮೊದಲು ನೋಡಿದ್ದು ನನ್ನ ಮದುವೆಯಲ್ಲೇ. ಆಗಿನ್ನೂ ಅವನಿಗೆ ಮೀಸೆ ಚಿಗುರುತ್ತಿದ್ದ ವಯಸ್ಸು. ಅವನ ಅಪ್ಪನ ಮೇಳ, ಅಣ್ಣ ಡೋಲು, ಇವನು ಅಪ್ಪನ ಪಕ್ಕ ಕೂತು ಊದುವವನು. ನಾನು ಬಾಸಿಂಗ ಕಟ್ಟಿಕೊಂಡು ಹಸೆಮಣೆಯ ಮೇಲೆ ಕೂತಿದ್ದೆ. ಕೂತಲ್ಲಿ ಬೇಜಾರು. ಅಂಗೈಯಲ್ಲಿ ಬಚ್ಚಿಟ್ಟಿದ್ದ ಹುಣಸೆಹಣ್ಣನ್ನು ಇವನಿಗೊಬ್ಬನಿಗೇ ಕಾಣುವ ಹಾಗೆ ಬಾಯಿಗಿಟ್ಟು ಚಪ್ಪರಿಸಿದೆ. ಊದುವವನ ಎದುರು ಹುಳಿ ತಿಂದರೆ ಏನಾಗುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅವನ ಬಾಯಲ್ಲಿ ನೀರೂರಿ, ಪೀಪಿಯೊಳಗೆ ನೀರು ನುಗ್ಗಿ, ಓಲಗ ಹೋಗಿ ಕೋಳಿಮರಿಯಾಗುತ್ತದೆ. ಆಯಿತು. ಅವನ ಅಪ್ಪ ಅವನನ್ನು ದುರುಗುಟ್ಟಿ ನೋಡಿದ. ನಾನು ಮಂತ್ರ ಕೇಳುವ ಮುಖ ಮಾಡಿದೆ.

ಮಾರನೆಯ ಬೆಳಿಗ್ಗೆ ಚೊಂಬು ಹಿಡಿದು ಹೊಲದ ಕಡೆ ಹೊರಟಿದ್ದೆ. ಬೆನ್ನ ಹಿಂದೆ ಓಲಗ ಶುರುವಾಯಿತು. ತಿರುಗಿ ನೋಡಿದರೆ ಇವನು, ಜೊತೆಗೆ ಅಣ್ಣನ ಡೋಲು. ನಾನು ಜೋರಾಗಿ ನಡೆದರೆ ಅವರೂ ಜೋರು. ಮನೆಮನೆಯಿಂದ ಜನ ಹೊರಗೆ ಬಂದರು.

‘‘ಏನಲೇ ಇದು?’’ ಅಂದೆ.

‘‘ಮದುಮಗನ್ನ ಒಬ್ಬನ್ನೇ ಕಳಿಸಬಾರ್ದು ಭಾವ. ನಮ್ ಕಡೆ ಪದ್ಧತಿ. ಎಲ್ಲಿಗೋದ್ರೂ ಓಲಗ.’’

ಅವತ್ತು ಆ ಚೊಂಬನ್ನು ತುಂಬಿದ್ದು ತುಂಬಿದ ಹಾಗೇ ವಾಪಸ್ಸು ತಂದೆ. ನನ್ನ ಜನ್ಮದಲ್ಲಿ ನನ್ನನ್ನು ಸೋಲಿಸಿದವನು ಅವನೊಬ್ಬನೇ.

‘ಭಾವ’ ಅಂದನಲ್ಲ, ಅದಕ್ಕೂ ಊರಲ್ಲಿ ತಕರಾರಾಯಿತು. ಓಲಗದವನು ಆ ಮನೆಯ ಅಳಿಯನನ್ನು ಭಾವ ಅನ್ನುವುದೇ ಅಂತ ಹಿರಿಯರೊಬ್ಬರು ಕರೆಸಿ ಕೇಳಿದರಂತೆ. ‘‘ನಮ್ಮೂರ ಹೆಣ್ಣು ಕರ್ಕಂಡೋದೋರು ನಂಗೆ ಭಾವ ಅಲ್ದೆ ಇನ್ನೇನ್ ಚಿಕ್ಕಪ್ಪನಾ?’’ ಅಂದು ಬಂದನಂತೆ. ಆಮೇಲೆ ಬೇಕಂತಲೇ ನಡುಬೀದಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ನಾನು ಟಿಕೆಟ್ಟು ಕೊಡುತ್ತಿದ್ದರೂ ಸರಿ, ಹಿಂದಿನ ಸೀಟಿನಿಂದ ‘‘ಭಾವಾ’’ ಅಂತ ಕೂಗುತ್ತಿದ್ದ.

ವಿನಯದ ಮೂರ್ತಿಯಂತೆ. ಮದುವೆ ಮನೆಯಲ್ಲಿ ಓಲಗದವರಿಗೆ ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಚಾಪೆ ಹಾಸಿ ಕೂರಿಸುವುದು ರೂಢಿ. ಇವನು ಮೇಳದ ಯಜಮಾನನಾದ ಮೇಲೆ ಮೊದಲ ಮಾತೇ ‘‘ಕುರ್ಚಿ’’. ಹೆಣ್ಣಿನ ಕಡೆಯವನೊಬ್ಬ ಕೇಳಿದ, ‘‘ನಿಮಗ್ಯಾಕ್ಲಾ ಕುರ್ಚಿ? ನೆಲದ ಮ್ಯಾಲೆ ಕೂತ್ರೆ ನಾದ ಬರಲ್ವಾ?’’

‘‘ಬತ್ತದೆ ಸ್ವಾಮಿ. ನೀವೂ ನಮ್ ಪಕ್ಕ ಕೂತ್ಕಳಿ, ಇನ್ನೂ ಚೆನ್ನಾಗ್ ಕೇಳಿಸ್ತದೆ.’’

ಕುರ್ಚಿ ಬಂತು. ಇನ್ನೊಂದು ಮದುವೆಯಲ್ಲಿ ದೊಡ್ಡ ಕುಳವೊಬ್ಬರು ಕಾಫಿಯವನನ್ನು ಕರೆಯಲು ಇವನ ಕಡೆ ಚಿಟಿಕೆ ಹೊಡೆದರು. ಆಳು ಅಂದುಕೊಂಡರೋ ಏನೋ. ಇವನು ಅಣ್ಣನಿಗೆ ಕಣ್ಣು ಹೊಡೆದು, ಆ ಕ್ಷಣಕ್ಕೇ ಗಟ್ಟಿಮೇಳ ಎತ್ತಿಬಿಟ್ಟ. ಜನ ಗಾಬರಿಯಾಗಿ ಎದ್ದು ಅಕ್ಷತೆ ಎಸೆದರು. ಮದುಮಗ ಇನ್ನೂ ಕಾಶಿಯಾತ್ರೆಯಿಂದ ವಾಪಸ್ಸೇ ಬಂದಿರಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಅಕ್ಷತೆಗೆ ಅಡುಗೆಮನೆಯಿಂದ ಅಕ್ಕಿ ತರಿಸಬೇಕಾಯಿತು. ಕೇಳಿದವರಿಗೆ, ‘‘ದೊಡ್ಡೋರು ಚಿಟಿಕೆ ಹೊಡದ್ರಲ್ಲ, ಮುಹೂರ್ತ ಬಂತು ಅಂದ್ಕಂಡೆ’’ ಅಂದ. ಆ ದೊಡ್ಡವರು ಆಮೇಲೆ ಯಾವ ಮದುವೆಯಲ್ಲೂ ಎರಡು ಬೆರಳು ಕೂಡಿಸಿದ್ದನ್ನು ನಾನು ನೋಡಲಿಲ್ಲ.

ಅಪ್ಪ ಹೋದ ಮೇಲೆ ಅಣ್ಣ ತಮ್ಮ ಇಬ್ಬರದೇ ಮೇಳ. ಅಣ್ಣ ಮಾತು ಕಡಿಮೆ, ಎಲ್ಲವನ್ನೂ ಡೋಲಿನಲ್ಲೇ ಹೇಳುವವನು. ತಮ್ಮನನ್ನು ಬೈಯಬೇಕಾದರೂ ತಾಳ ಜೋರು ಮಾಡುತ್ತಿದ್ದ.

ನಾನು ರಿಟೈರಾಗಿ ಎಷ್ಟೋ ವರ್ಷದ ಮೇಲೆ, ಒಂದು ಮದುವೆಯಿಂದ ಬರುವಾಗ ಟೆಂಪೋ ಇಳಿಯಲು ಹೋಗಿ ಇವನ ಕಾಲು ಜಾರಿತು. ಮೊಣಕಾಲಿನ ಕೆಳಗೆ ಮೂಳೆ ಸೀಳಿತು. ಆಸ್ಪತ್ರೆಗೆ ಹೋಗೋಣ ಅಂದ ಇವನು. ಕಟ್ಟು ಕಟ್ಟಿಸೋಣ ಅಂದ ಅಣ್ಣ. ಅಣ್ಣನ ಮಾತೇ ನಡೆಯಿತು. ಬಿದಿರಿನ ದಬ್ಬೆ, ಮೊಟ್ಟೆಯ ಲೋಳೆ, ಬಟ್ಟೆಯ ಕಟ್ಟು. ಕಾಲು ಅಲುಗಾಡಿಸದೆ ಮಂಚದ ಮೇಲೆ ಬಿದ್ದುಕೊಂಡ. ಕೆಲವು ವಾರಕ್ಕೆ ತೊಡೆ ಊದಿ ಕಂಬವಾಯಿತು. ಬಾವು ಇಳಿಯಲಿ ಅಂತ ಅಣ್ಣ ತಾನೇ ಕೂತು ಹರಳೆಣ್ಣೆ ಬಿಸಿ ಮಾಡಿ, ಕೆಳಗಿನಿಂದ ಮೇಲಕ್ಕೆ ಒತ್ತಿ ಒತ್ತಿ ನೀವುತ್ತಿದ್ದ. ಅಷ್ಟು ಪ್ರೀತಿಯಿಂದ ನಮ್ಮಪ್ಪ ನನ್ನ ಬೆನ್ನು ಕೂಡ ನೀವಿದವನಲ್ಲ.

ಅಷ್ಟರಲ್ಲಿ ನಮ್ಮ ಕಡೆ ಒಂದು ಮದುವೆ ಬಂತು, ನನ್ನ ತಂಗಿಯ ಮೊಮ್ಮಗಳದು, ನೇಮಕಲ್ಲಿನ ಆಂಜನೇಯನ ಗುಡಿಯಲ್ಲಿ. ಸನಾದಿ ಬಳ್ಳಾರಿಯಿಂದ ತರಿಸೋಣ ಅಂದರು ಗಂಡಿನ ಕಡೆಯವರು. ನಮ್ಮ ಕಡೆ ಓಲಗಕ್ಕೆ ಸನಾದಿ ಅನ್ನುತ್ತಾರೆ. ‘‘ನನ್ನ ಬಾಮೈದ ಮಡಕಶಿರದಾಗ ಅದಾನ. ಅವ ಊದಿದ್ರ ಮದುವಿ, ಇಲ್ಲಾಂದ್ರ ಬರೇ ಊಟ’’ ಅಂತ ನಾನು ಹಟ ಹಿಡಿದೆ. ಕಟ್ಟು ಕಟ್ಟಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ನೀಡಿಕೊಂಡು ಬಂದು ಕೂತ, ರಾಜನ ಹಾಗೆ.

ಗಟ್ಟಿಮೇಳದ ಹೊತ್ತಿಗೆ ನಾದ ಏರಿತು. ಏರುತ್ತಿದ್ದದ್ದು ಜಾರಿತು. ಜನ ನಕ್ಕರು. ಕೆಲವರು ಕುಡಿದಿದ್ದಾನೆ ಅಂದರು. ನಾನು ಮಾತ್ರ ನಗಲಿಲ್ಲ. ಅವನು ಏನು ಬೇಕಾದರೂ ತಮಾಷೆ ಮಾಡುತ್ತಾನೆ, ತಾಳಿ ಕಟ್ಟುವಾಗ ಸ್ವರ ಬಿಡುವವನಲ್ಲ. ತಮಾಷೆಗೂ ತಮಾಷೆಯಲ್ಲದ್ದಕ್ಕೂ ಇರುವ ವ್ಯತ್ಯಾಸ ನನ್ನಷ್ಟು ಯಾರಿಗೆ ಗೊತ್ತು? ಓಡಿಹೋಗಿ ನೋಡಿದರೆ ತುಟಿ ಒಂದು ಕಡೆ ಸೊಟ್ಟಗಾಗಿತ್ತು. ಬಲಗೈಯಿಂದ ಓಲಗ ಜಾರುತ್ತಿತ್ತು. ಮಾತು ಬರಲಿಲ್ಲ.

ಗುಡಿಯ ಮುಂದೆ ಹೂವು ಕಟ್ಟಿದ ಮದುಮಗನ ಕಾರು ನಿಂತಿತ್ತು. ಅದಕ್ಕೇ ಹಾಕಿದೆ ಅವನನ್ನು. ಅಣ್ಣ ಬಾಗಿಲಿಗೆ ಅಡ್ಡ ನಿಂತ.

‘‘ಬಳ್ಳಾರಿ ಬ್ಯಾಡಣ್ಣ. ಲಕ್ವಕ್ಕೆ ನಮ್ ಕಡೆ ಒಬ್ರವ್ರೆ. ಪಾರಿವಾಳದ ರಕ್ತ ಹಚ್ಚಿ ನೀವಿದ್ರೆ ಎದ್ದು ಕೂತ್ಕತಾನೆ.’’

‘‘ಲೇ, ಪಾರಿವಾಳಕ್ಕ ಲಕ್ವ ಹೊಡದ್ರ ನಿನ್ನ ರಕ್ತ ತಗದು ಹಚ್ತಾರೇನು? ಹತ್ತು ಕಾರು.’’

ಹತ್ತಿದ. ಅದಿರಿನ ಲಾರಿಗಳೆಲ್ಲ ಹೂವಿನ ಕಾರು ನೋಡಿ ಮದುವೆಯ ದಿಬ್ಬಣ ಅಂತ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಒಬ್ಬ ಡ್ರೈವರ್ ಕೈಯೆತ್ತಿ ಮುಗಿದ. ಹೊತ್ತು ಮೀರದೆ ಬಂದಿರಿ ಅಂದರು ಬಳ್ಳಾರಿಯ ಡಾಕ್ಟರು. ತಲೆಯ ಸ್ಕ್ಯಾನ್ ತೆಗೆದು, ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡಿದ್ದ ಹೆಪ್ಪು ಕರಗುವ ಇಂಜೆಕ್ಷನ್ ಕೊಟ್ಟರು. ತುಟಿ ನೆಟ್ಟಗಾಯಿತು. ಕೈ ಬಂತು. ಮಾತು ನಿಧಾನಕ್ಕೆ, ಒಂದೊಂದು ಪದ ಹುಡುಕಿಕೊಂಡು ಬಂತು. ಮೊದಲು ಬಂದ ಪದ ಯಾವುದು ಅಂತ ಬರೆಯುವಂತಿಲ್ಲ, ಅದು ನನಗೆ ಬೈದದ್ದು.

ಆದರೆ ಯಾಕೆ ಬಂತು ಅಂತ ಗೊತ್ತಾಗಲಿಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ, ಬೀಡಿ ಇಲ್ಲ, ಕುತ್ತಿಗೆಯ ರಕ್ತನಾಳ ಶುದ್ಧ. ಕಾರಣ ಸಿಗದಿದ್ದಾಗ ಊರು ತಾನೇ ಒಂದು ಕಾರಣ ಕೊಟ್ಟಿತು: ಊದಿ ಊದಿ ತಲೆಯ ನರ ಹರಿಯಿತು. ಅಣ್ಣ ಅದನ್ನು ಎಲ್ಲರಿಗಿಂತ ಮೊದಲು ನಂಬಿದ. ಓಲಗವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ತನ್ನ ಡೋಲನ್ನು ಅಟ್ಟಕ್ಕೆ ಎಸೆದ. ‘‘ನಮ್ ವಂಶದ್ ಅನ್ನ ಇಲ್ಲಿಗ್ ಮುಗೀತು. ಜೀವ ಇದ್ರೆ ಕೂಲಿ ಮಾಡ್ಕಂಡ್ ತಿನ್ನಣ’’ ಅಂದ.

ಇವನು ಮಾತು ಹುಡುಕಿ ಹುಡುಕಿ ಹೇಳಿದ, ‘‘ನೀನ್... ಮಾಡು... ಕೂಲಿ.’’

ಕಾರಣ ಹುಡುಕಲು ಬೆಂಗಳೂರಿಗೆ ಹೃದಯದ ಆಸ್ಪತ್ರೆಗೆ ಕಳಿಸಿದರು. ಅಲ್ಲೊಬ್ಬ ಡಾಕ್ಟರಮ್ಮ, ನನ್ನ ಮೊಮ್ಮಗಳ ವಯಸ್ಸು. ತಲೆಯ ಸ್ಕ್ಯಾನನ್ನು ಆಮೇಲೆ ನೋಡಿದರು, ಮೊದಲು ನೋಡಿದ್ದು ಕಾಲು. ತೊಡೆಗೆ ಯಂತ್ರ ಹಿಡಿಸಿದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕೂತಿತ್ತು.

‘‘ಕಾಲು ಊದ್ಕೊಂಡಾಗ ಏನ್ ಮಾಡಿದ್ರಿ?’’

‘‘ಎಣ್ಣೆ ಹಚ್ಚಿ ನೀವ್ದೊ’’ ಅಂದ ಅಣ್ಣ.

ಡಾಕ್ಟರಮ್ಮ ಬೈಯಲಿಲ್ಲ. ‘‘ಕಟ್ಟು ಹಾಕಿರೋ ಕಾಲು ಊದಿದ್ರೆ ನೀವಬಾರ್ದಪ್ಪ. ತಕ್ಷಣ ತೋರಿಸ್ಬೇಕು. ಒಳಗಿರೋ ಹೆಪ್ಪು ಕಿತ್ಕೊಂಡು ಮೇಲಕ್ಕೆ ಹೋಗತ್ತೆ’’ ಅಂದರು, ಅಷ್ಟೆ. ಅಣ್ಣ ತನ್ನ ಎರಡೂ ಅಂಗೈ ನೋಡಿಕೊಂಡ. ಅವತ್ತಿನಿಂದ ಅವನಿಗೆ ಓಲಗದ ಮೇಲಿನ ಸಿಟ್ಟು ಇನ್ನಷ್ಟು ಹೆಚ್ಚಾಯಿತು. ತಪ್ಪು ಓಲಗದ್ದಲ್ಲ ಅಂತಾದರೆ ಆ ಎರಡು ಅಂಗೈಗಳದ್ದಾಗುತ್ತದಲ್ಲ. ನಾನು ನೂರಾರು ಜನರನ್ನು ಕೀಟಲೆ ಮಾಡಿದ್ದೇನೆ, ಆ ಬಗ್ಗೆ ಮಾತ್ರ ಅವನನ್ನು ಕೆಣಕಲಿಲ್ಲ.

ಈಗ ಡಾಕ್ಟರಮ್ಮ ಹೇಳಿದ್ದನ್ನು ಕಂಡಕ್ಟರ್ ಭಾಷೆಯಲ್ಲಿ ಹೇಳುತ್ತೇನೆ. ಮೈಯ ಕೊಳೆ ರಕ್ತವೆಲ್ಲ ಹೃದಯದ ಬಲಗಡೆಗೆ ಬರುತ್ತದೆ. ಅಲ್ಲಿಂದ ಪುಪ್ಪುಸಕ್ಕೆ, ಶ್ವಾಸಕೋಶಕ್ಕೆ, ಅಂದರೆ ನಮ್ಮ ಡಿಪೋಗೆ. ಅಲ್ಲಿ ತೊಳೆದು ತಪಾಸಣೆಯಾದ ಮೇಲೆ ಎಡಗಡೆಗೆ ಬಂದು, ಆಮೇಲೆ ತಲೆಗೆ, ಕೈಗೆ, ಎಲ್ಲ ರೂಟಿಗೂ ಹೊರಡುತ್ತದೆ. ಕಾಲಿನಿಂದ ಹೆಪ್ಪು ಕಿತ್ತು ಬಂದರೆ ಡಿಪೋದಲ್ಲೇ ಸಿಕ್ಕಿಕೊಳ್ಳಬೇಕು. ಅದೂ ಕೆಟ್ಟದ್ದೇ, ಆದರೆ ತಲೆಗೆ ಹೋಗುವ ದಾರಿ ಅದಕ್ಕಿಲ್ಲ. ಹಾಗಾದರೆ ಇವನ ತಲೆಗೆ ಹೇಗೆ ಹೋಯಿತು? ಬಲಕ್ಕೂ ಎಡಕ್ಕೂ ನಡುವಿನ ಗೋಡೆಯಲ್ಲಿ ಒಂದು ಪುಟ್ಟ ಕಳ್ಳಬಾಗಿಲು ಇರುತ್ತದಂತೆ. ತಾಯ ಹೊಟ್ಟೆಯೊಳಗಿನ ಕೂಸು ಉಸಿರಾಡುವುದಿಲ್ಲವಲ್ಲ, ಅದಕ್ಕೆ ಆ ದಾರಿ ಬೇಕು. ಹುಟ್ಟಿದ ಮೇಲೆ ಮುಚ್ಚಿ ಅಂಟಿಕೊಳ್ಳುತ್ತದೆ. ಬಹಳ ಜನರಿಗೆ ಪೂರ್ತಿ ಅಂಟಿರುವುದಿಲ್ಲ, ಸಾಯುವವರೆಗೂ ಅದು ಗೊತ್ತೂ ಆಗುವುದಿಲ್ಲ. ಜೋರಾಗಿ ಕೆಮ್ಮಿದರೆ, ಉಸಿರು ಕಟ್ಟಿ ತಿಣುಕಿ ಮುಕ್ಕಿದರೆ, ಬಲಗಡೆಯ ಒತ್ತಡ ಏರಿ ಬಾಗಿಲು ಒಂದು ಗಳಿಗೆ ತೆರೆಯುತ್ತದೆ. ಆ ಗಳಿಗೆಗೆ ಸರಿಯಾಗಿ ಹೆಪ್ಪೊಂದು ಬಾಗಿಲಲ್ಲಿ ನಿಂತಿದ್ದರೆ, ಡಿಪೋ ತಪ್ಪಿಸಿಕೊಂಡು ನೇರ ತಲೆಗೆ.

‘‘ಅಂಥ ಬಾಗ್ಲು ಇವರಿಗೆ ಇದೆಯಾ ಅಂತ ನೋಡ್ಬೇಕು’’ ಅಂದರು. ರಕ್ತ ತೆಳುವಾಗುವ ಮಾತ್ರೆ ಕೊಟ್ಟು, ಕಾಲಿನ ಬಾವು ಪೂರ್ತಿ ಇಳಿದ ಮೇಲೆ ಬರಹೇಳಿದರು.

ಬಾವು ಇಳಿದ ಮೇಲೆ ಹೋದೆವು. ಅವನ ಮಾತು ಇನ್ನೂ ನಿಧಾನ, ನಾನು ಸ್ವಂತ ಭಾವ ಅಂತ ಹೇಳಿಕೊಂಡು ಪರೀಕ್ಷೆಯ ಕೋಣೆಯೊಳಗೆ ನುಗ್ಗಿದೆ. ಅವನನ್ನು ಎಡಮಗ್ಗುಲಿಗೆ ಮಲಗಿಸಿ ಎದೆಗೆ ಯಂತ್ರ ಇಟ್ಟರು. ಪರದೆಯ ಮೇಲೆ ಹೃದಯದ ಕೋಣೆಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಒಬ್ಬ ನರ್ಸಮ್ಮ ಉಪ್ಪುನೀರನ್ನು ಎರಡು ಸಿರಿಂಜುಗಳ ನಡುವೆ ಅತ್ತಿಂದಿತ್ತ ನೂಕಿ ನೂಕಿ ನೊರೆ ಮಾಡಿದಳು. ಆ ಸಣ್ಣ ಗುಳ್ಳೆಗಳನ್ನು ಕೈಯ ನರಕ್ಕೆ ಬಿಟ್ಟರೆ ಬಲಗಡೆಯ ಕೋಣೆ ಬೆಳ್ಳಗೆ ತುಂಬುತ್ತದೆ. ಪುಪ್ಪುಸದಲ್ಲಿ ಅವು ಕರಗಿಹೋಗುತ್ತವೆ. ಬಾಗಿಲಿದ್ದರೆ ಮಾತ್ರ ಎಡಕ್ಕೆ ದಾಟುತ್ತವೆ. ಬಾಗಿಲು ತೆರೆಯಬೇಕಾದರೆ ಅವನು ಮುಕ್ಕಬೇಕು.

ಡಾಕ್ಟರಮ್ಮ ಅವನ ಕೈಗೆ ಸೂಜಿಯಿಲ್ಲದ ಖಾಲಿ ಸಿರಿಂಜೊಂದನ್ನು ಕೊಟ್ಟರು. ‘‘ಇದರ ಬಾಯಿಗೆ ತುಟಿ ಇಟ್ಟು, ಒಳಗಿನ ದಂಡ ಸರಿಯೋ ಹಾಗೆ ಊದಿ.’’

ಅವನ ಮುಖ ಅರಳಿತು. ‘‘ಕೇಳಿಸ್ಕಂಡ್ಯಾ ಭಾವ? ಈಯಮ್ಮ ಊದು ಅಂತಾರೆ.’’

ಊದಿದ. ಎರಡು ಕೆನ್ನೆಯಲ್ಲಿ ಎರಡು ಬೋಂಡಾ ಇಟ್ಟ ಹಾಗೆ. ದಂಡ ಸರಿಯಿತು. ಗುಳ್ಳೆ ಬಿಟ್ಟರು. ಬಲಗಡೆ ಬೆಳ್ಳಗಾಯಿತು, ಎಡಗಡೆ ಕಪ್ಪು ಕಪ್ಪಾಗಿಯೇ ಉಳಿಯಿತು. ಮತ್ತೆ ಊದಿಸಿದರು. ಮತ್ತೆ ಏನೂ ಇಲ್ಲ. ಮೂರನೆಯ ಸಲ ಡಾಕ್ಟರಮ್ಮ ಪರದೆ ಬಿಟ್ಟು ಅವನನ್ನೇ ನೋಡಿದರು. ಅಷ್ಟು ಹೊತ್ತಾದರೂ ಊದುತ್ತಲೇ ಇದ್ದಾನೆ, ಮುಖ ಕೆಂಪಾಗಿಲ್ಲ. ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ನಿದ್ದೆ ಮಾಡುವವನ ಹೊಟ್ಟೆಯ ಹಾಗೆ ಮೆಲ್ಲಗೆ ಏರಿಳಿಯುತ್ತಿತ್ತು.

‘‘ನೀವು ಊದ್ತಾ ಇದೀರೋ, ಉಸಿರಾಡ್ತಾ ಇದೀರೋ?’’

‘‘ಎರಡೂ.’’

‘‘ಎರಡೂ ಒಟ್ಟಿಗೆ ಹೇಗಾಗತ್ತೆ?’’

‘‘ಆಗ್ದಿದ್ರೆ... ಓಲಗದೋನು ಯಾಕಾಗ್ತಿದ್ದೆ ತಾಯಿ? ಕೆನ್ನೇಲಿ ಗಾಳಿ ಮಡಿಕ್ಕಂಡು, ಮೂಗಲ್ಲಿ ಎಳ್ಕಬೇಕು. ನಮ್ಮಪ್ಪ ಚೊಂಬಿನ ನೀರಿಗೆ ರಾಗಿ ಕಡ್ಡಿ ಇಡಿಸಿ, ಗುಳ್ಳೆ ನಿಲ್ದಂಗೆ ಊದಿಸಿ ಕಲ್ಸಿದ್ದು.’’

ಡಾಕ್ಟರಮ್ಮ ನಕ್ಕರು. ಒತ್ತಡ ಕೆನ್ನೆಯಲ್ಲಿ ಇದ್ದರೆ ಪ್ರಯೋಜನವಿಲ್ಲ, ಎದೆಗೆ ಬರಬೇಕು. ‘‘ಉಸಿರು ಬಿಗಿಹಿಡಿದು ಮುಕ್ಕಿ. ಕಕ್ಕಸಲ್ಲಿ ಮುಕ್ತೀವಲ್ಲ, ಹಾಗೆ.’’

‘‘ಹೆಣ್ಮಕ್ಕಳ ಮುಂದೆ... ಮಲಿಕ್ಕಂಡು? ಆಗಲ್ಲ.’’

‘‘ಸರಿ, ಜೋರಾಗಿ ಕೆಮ್ಮಿ.’’

ಕೆಮ್ಮಿದ. ಒಳಗೆ ಸೊಸೆಯಿದ್ದಾಳೆ ಅಂತ ಹೊಸ್ತಿಲಲ್ಲಿ ಮಾವ ಕೆಮ್ಮುತ್ತಾನಲ್ಲ, ಆ ಕೆಮ್ಮು. ಒಂದು ಗುಳ್ಳೆಯೂ ಜಗ್ಗಲಿಲ್ಲ.

‘‘ಕೊನೇ ಸಲ ನೋಡ್ತೀನಿ. ಇಲ್ದಿದ್ರೆ ಇನ್ನೊಂದಿನ ಗಂಟಲೊಳಗೆ ಪೈಪ್ ಇಳಿಸಿ ನೋಡ್ಬೇಕಾಗತ್ತೆ’’ ಅಂದರು ಡಾಕ್ಟರಮ್ಮ. ಗಂಟಲು ಅಂದ ಕೂಡಲೇ ಅವನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ನನ್ನ ಕೈ ನನ್ನ ಜೇಬಿಗೆ ಹೋಯಿತು. ಬೆಂಗಳೂರಿನ ಬಸ್ಸಿನಲ್ಲಿ ವಾಕರಿಕೆ ಬರದಿರಲಿ ಅಂತ ಹೆಂಡತಿ ಕಟ್ಟಿಕೊಟ್ಟಿದ್ದ ಹುಣಸೆಹಣ್ಣಿನ ಉಂಡೆ ಅಲ್ಲಿತ್ತು. ನರ್ಸಮ್ಮ ಗುಳ್ಳೆ ಬಿಟ್ಟ ಗಳಿಗೆಗೆ ಸರಿಯಾಗಿ ಅವನ ಕಣ್ಣಿಗೆ ನೇರವಾಗಿ ನಿಂತು, ಉಂಡೆ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಚಪ್ಪರಿಸಿದೆ.

‘‘ಬ್ಯಾಡ ಭಾವ’’ ಅಂದ. ಅಷ್ಟರಲ್ಲಿ ಬಾಯಿ ತುಂಬಿತ್ತು. ಉಗುಳುವ ಹಾಗಿಲ್ಲ, ಮಲಗಿಕೊಂಡು ನುಂಗುವುದೂ ಕಷ್ಟ, ಮೇಲಿಂದ ನಗು ಬೇರೆ. ಮೂರೂ ಸೇರಿ ಅಡ್ಡದಾರಿ ಹಿಡಿದವು. ಕೆಮ್ಮಿದ ನೋಡಿ, ಮಂಚ ಅಲ್ಲಾಡುವ ಹಾಗೆ. ಪರದೆಯ ಮೇಲೆ ಬೆಳ್ಳಗೆ ತುಂಬಿದ್ದ ಬಲಗಡೆಯ ಕೋಣೆಯಿಂದ, ಯಾರೋ ಗೋಡೆಯಾಚೆಗೆ ಒಂದು ಹಿಡಿ ಮಂಡಕ್ಕಿ ಎರಚಿದ ಹಾಗೆ, ಗುಳ್ಳೆಗಳು ಎಡಕ್ಕೆ ಹಾರಿದವು.

‘‘ದಾಟ್ತು’’ ಅಂದರು ಡಾಕ್ಟರಮ್ಮ, ತಮಗೇ ಹೇಳಿಕೊಂಡ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು. ‘‘ಅಜ್ಜ, ನೀವು ದಯವಿಟ್ಟು ಹೊರಗೆ ಹೋಗಿ.’’ ಬಾಗಿಲವರೆಗೆ ಹೋಗಿದ್ದೆ, ಮತ್ತೆ ಕರೆದರು. ‘‘ಆ ಹುಣಸೆಹಣ್ಣು ಇಲ್ಲೇ ಇಟ್ಟು ಹೋಗಿ.’’

ಆಮೇಲೆ ಹೊರಗಿದ್ದ ಅಣ್ಣನನ್ನೂ ಕರೆದು, ಮೂವರನ್ನೂ ಕೂರಿಸಿ ಹೇಳಿದರು. ಎರಡು ದಾರಿ. ಮಾತ್ರೆ ನುಂಗಿಕೊಂಡು ಹುಷಾರಾಗಿರುವುದು ಒಂದು. ತೊಡೆಯ ನರದಿಂದ ತಂತಿ ಏರಿಸಿ ಬಾಗಿಲು ಮುಚ್ಚುವುದು ಇನ್ನೊಂದು. ಮುಚ್ಚಿದರೆ ಇನ್ನೆಂದೂ ಏನೂ ಆಗುವುದಿಲ್ಲ ಅಂತ ಬಾಂಡು ಬರೆದುಕೊಡಲಾರೆ, ಆದರೆ ಆ ದಾರಿಯಿಂದ ಬರುವ ಅಪಾಯ ಬಹಳ ತಗ್ಗುತ್ತದೆ ಅಂದರು.

ಅಣ್ಣ ಕೈ ಮುಗಿದ. ‘‘ಊದ್ಬಾರ್ದು ಅಂತ ನೀವೇ ಒಂದ್ ಮಾತ್ ಹೇಳ್ಬಿಡಿ ತಾಯಿ. ನನ್ ಮಾತ್ ಕೇಳಲ್ಲ ಇವ್ನು.’’

‘‘ಬಾಗ್ಲು ತೆರೆದಿರೋವರೆಗೂ ಊದೋದು ಬೇಡ. ಬರೀ ಊದೋದಲ್ಲ ಯಜಮಾನ್ರೇ. ಭಾರ ಎತ್ತೋದು, ಮುಕ್ಕೋದು, ಈಗ ಕೆಮ್ಮಿದ್ರಲ್ಲ ಹಾಗೆ ಕೆಮ್ಮೋದು, ಬಿದ್ದು ಬಿದ್ದು ನಗೋದು, ಆ ಬಾಗ್ಲಿಗೆ ಎಲ್ಲಾ ಒಂದೇ.’’

ಇವನು ತಲೆಯೆತ್ತಿದ. ಈ ಸಲ ಮಾತು ಒಂದು ಚೂರೂ ತಡವರಿಸದೆ ಬಂತು: ‘‘ಅಂಗಾದ್ರೆ ನಗೋದೂ ಬಿಡ್ಬೇಕಾ? ಬಾಗ್ಲು ಹಾಕಿ ತಾಯಿ.’’

ಹಾಕಿದರು. ಎರಡು ಪುಟ್ಟ ತಂತಿಬಲೆಯ ಕೊಡೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಹಾಗಿರುತ್ತದೆ ಆ ವಸ್ತು. ಮಡಚಿಕೊಂಡು ನರದೊಳಗೆ ಹೋಗಿ, ಗೋಡೆಯ ಆಚೆಗೊಂದು ಈಚೆಗೊಂದು ಬಿಚ್ಚಿಕೊಂಡು ಕೂರುತ್ತದೆ. ಹೋಗ್ತಾ ಹೋಗ್ತಾ ಮಾಂಸ ಅದರ ಮೇಲೆ ಬೆಳೆಯುತ್ತದಂತೆ. ಎದೆ ಕೊಯ್ಯಲಿಲ್ಲ. ಹೊರಗೆ ಬಂದವನು ಕೇಳಿದ್ದು, ‘‘ಚಿಲಕ ಒಳಗಡೆಗೋ ಹೊರಗಡೆಗೋ ಭಾವ?’’

ಕೆಲವು ತಿಂಗಳು ಊದುವಂತಿರಲಿಲ್ಲ. ಊರುಗೋಲಿನ ಮೇಲೆ ಬೆರಳಾಡಿಸುತ್ತ ಜಗುಲಿಯಲ್ಲಿ ಕೂರುತ್ತಿದ್ದ. ಬೆರಳು ನೋಡಿಯೇ ಯಾವ ರಾಗ ಅಂತ ನಾನು ಹೇಳುತ್ತಿದ್ದೆ. ತಪ್ಪಾದರೆ ಕೋಲು ನನ್ನ ಕಡೆ ಬರುತ್ತಿತ್ತು. ಊರಿನ ಮದುವೆಗಳಲ್ಲಿ ಪೆನ್‌ಡ್ರೈವಿನ ಓಲಗ ಬಂದಿತ್ತು. ‘‘ಅದುಕ್ಕೆ ಲಕ್ವ ಹೊಡಿಯಲ್ಲ, ಅದೇ ವಾಸಿ’’ ಅನ್ನುತ್ತಿದ್ದ ಅಣ್ಣ.

ಮರುಪರೀಕ್ಷೆಗೆ ಅಣ್ಣನನ್ನೂ ಒಳಗೆ ಕರೆದುಕೊಂಡು ಹೋದೆ. ಈ ಸಲ ಇವನು ತಾನೇ ಕೆಮ್ಮಿದ, ಡಾಕ್ಟರಮ್ಮ ಸಾಕು ಅನ್ನುವವರೆಗೂ. ಗುಳ್ಳೆಗಳೆಲ್ಲ ಗೋಡೆಯವರೆಗೆ ಬಂದು, ಗೇಟು ಹಾಕಿದ ಡಿಪೋ ಮುಂದಿನ ಜನದ ಹಾಗೆ ಅಲ್ಲೇ ನಿಂತವು. ಎಡಗಡೆ ಕಪ್ಪೋ ಕಪ್ಪು. ‘‘ಮೊದಲು ಸ್ವಲ್ಪ ಸ್ವಲ್ಪ, ಆಮೇಲೆ ನಿಮ್ಮಿಷ್ಟ. ಊದಿ’’ ಅಂದರು.

ದಾರಿಯುದ್ದಕ್ಕೂ ಅಣ್ಣ ಒಂದೇ ಮಾತು. ‘‘ಆ ಟೀವೀಲಿ ಕಾಣ್ದೆ ಇರೋದು ಇನ್ನೇನೈತೋ. ಕೀಲಿ ಕೊಡಲ್ಲ.’’

ಇವನು ಕೀಲಿ ಕೇಳಲೇ ಇಲ್ಲ. ಕೇಳಬೇಡ ಅಂದವನು ನಾನು. ಟ್ರಂಕಿಗೆ ಬೀಗ ಮುಂದೆ ಇರುತ್ತದೆ, ಕೀಲುಗಳು ಹಿಂದೆ. ಅಣ್ಣ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಗೆ ಹೋದಾಗ ಹಿಂದಿನಿಂದ ಬಿಚ್ಚಿ, ಓಲಗ ತೆಗೆದು, ಕೀಲು ಮತ್ತೆ ಕೂರಿಸಿದೆವು. ಬೀಗ ಬೀಗದ ಹಾಗೇ ಇತ್ತು, ಕೀಲಿ ಉಡಿದಾರದಲ್ಲೇ ಇತ್ತು. ದಿನಾ ಕೋಟೆಬೆಟ್ಟದ ಹಿಂದೆ ಹೋಗಿ, ಮೊದಲು ಸ್ವಲ್ಪ, ಆಮೇಲೆ ಅವನಿಷ್ಟ, ಊದಿದ.

ಆಮೇಲೆ ಬಂತು ನನ್ನ ಹೆಂಡತಿಯ ಅಣ್ಣನ ಮೊಮ್ಮಗನ ಮದುವೆ, ಮಡಕಶಿರದಲ್ಲಿ. ಪೆನ್‌ಡ್ರೈವಿನ ಓಲಗ ಅಂತ ಹೇಳಿ ಅಣ್ಣನನ್ನು ಊಟಕ್ಕೆ ಕರೆದಿದ್ದೆ. ಅಟ್ಟದ ಮೇಲಿನ ಡೋಲನ್ನು ಮೊದಲೇ ತರಿಸಿ, ಪಂಚೆ ಸುತ್ತಿ, ಅವನು ಕೂತ ಕುರ್ಚಿಯ ಕೆಳಗೆ ತಳ್ಳಿದ್ದೆ. ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಅಂದರು. ಸ್ಪೀಕರಿನಿಂದ ಬರಲಿಲ್ಲ. ಮಂಟಪದ ಮೂಲೆಯ ಕುರ್ಚಿಯಿಂದ ಬಂತು.

ಅಣ್ಣ ಎದ್ದು ನಿಂತ. ಮುಖ ಬೂದಿಯಾಗಿತ್ತು. ‘‘ನಿಲ್ಸ್ಲಾ’’ ಅಂದ. ತಮ್ಮ ನಿಲ್ಲಿಸಲಿಲ್ಲ. ಒಂದೇ ಸ್ವರ ಹಿಡಿದು, ಅಣ್ಣನನ್ನೇ ನೋಡುತ್ತ ಊದಿದ. ಡೋಲಿಲ್ಲದೆ ಗಟ್ಟಿಮೇಳವಿಲ್ಲ, ಗಟ್ಟಿಮೇಳವಿಲ್ಲದೆ ಮದುಮಗ ತಾಳಿ ಕಟ್ಟುವ ಹಾಗಿಲ್ಲ. ತಾಳಿ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. ಅಕ್ಷತೆ ಹಿಡಿದ ಮುಷ್ಟಿಗಳೂ ನಿಂತವು. ಸ್ವರ ಉದ್ದವಾಯಿತು. ಯಾರಾದರೂ ಇಷ್ಟೊತ್ತಿಗೆ ಉಸಿರು ತೆಗೆದುಕೊಳ್ಳಲೇಬೇಕು ಅನ್ನುವ ಜಾಗ ದಾಟಿತು. ಇನ್ನೂ ಉದ್ದವಾಯಿತು. ಪರದೆಯ ಮೇಲೆ ಎಲ್ಲ ನೋಡಿದ್ದರೂ ಮದುಮಗನ ಕಾರು ಎಲ್ಲಿ ನಿಂತಿದೆ ಅಂತ ಒಮ್ಮೆ ನೋಡಿಕೊಂಡೆ. ಅಣ್ಣ ಅವನ ತುಟಿಯನ್ನೇ ನೋಡುತ್ತಿದ್ದ, ಯಾವ ಕಡೆ ಸೊಟ್ಟಗಾಗುತ್ತದೋ ಅಂತ. ಆಗಲಿಲ್ಲ. ಸ್ವರ ಜಾರಲಿಲ್ಲ.

ಅಣ್ಣ ಬಗ್ಗಿ, ಪಂಚೆ ಕಿತ್ತೆಸೆದು, ಡೋಲನ್ನು ಎದೆಗವಚಿಕೊಂಡ. ಕೋಲು ಹುಡುಕಲಿಲ್ಲ. ಕಾಲು ನೀವಿದ ಆ ಎರಡು ಅಂಗೈಗಳಿಂದಲೇ ಬಡಿದ. ಬಡಿಯುತ್ತ ಬೈಯುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು: ‘‘ಉಸಿರು ತಗಳ್ಳೋ ಹಲ್ಕಾ ನನ್ಮಗನೇ, ಉಸಿರು ತಗಳ್ಳೋ.’’

ಅವನು ತೆಗೆದುಕೊಳ್ಳುತ್ತಲೇ ಇದ್ದ.